ಬಂಡೆಗೂ ಮೊದಲು ಒಂದು ಹಾಳೆ

ನೆಲಮಂಗಲ ದಾಟಿ ಹಾಸನದ ಹೆದ್ದಾರಿಯಲ್ಲಿ ಸಾಗುವಾಗ ಸೋಲೂರಿನಲ್ಲಿ ಎಡಕ್ಕೆ ತಿರುಗಿದರೆ ಮಾಗಡಿಯ ದಾರಿ. ಬೆನ್ನ ಹಿಂದೆ ಶಿವಗಂಗೆ, ಎದುರಿಗೆ ಮಾಗಡಿಯಾಚೆ ಸಾವನದುರ್ಗ. ನಡುವೆ ರಾಗಿ ಹೊಲ, ಮಾವಿನ ತೋಪು, ಬದುವಿನ ಮೇಲೆ ಹಲಸು. ಈ ದಾರಿಯಲ್ಲಿ ಬರುವವರು ತಿರುಮಲೆಯ ರಂಗನಾಥನಿಗೋ ಸಾವಂದಿ ವೀರಭದ್ರನಿಗೋ ಕೈಮುಗಿದು ಹೋಗುತ್ತಾರೆ. ಕಾಲಲ್ಲಿ ಕಸುವಿರುವವರು ಹೆಬ್ಬಂಡೆ ಹತ್ತುತ್ತಾರೆ. ನಾನು ಹೊರಟದ್ದು ಒಂದು ಕಸುಬಿನ ಜಾಡು ಹಿಡಿದು. ಚಿತ್ರಕಥೆ ಬರೆಯುವ ಕಸುಬು ಅದು. ಗಾಂಧಿನಗರದ ಲಾಡ್ಜಿನ ಕೋಣೆಗಳಲ್ಲಿ ಹುಡುಕಬೇಕಾದ್ದನ್ನು ಮಾಗಡಿ ಸೀಮೆಯ ಬಂಡೆಗಳಲ್ಲಿ ಹುಡುಕುವುದಕ್ಕೆ ಕಾರಣವಿದೆ.

ಇ.ಎಂ. ಫಾರ್ಸ್ಟರ್ 1924ರಲ್ಲಿ ಪ್ರಕಟಿಸಿದ 'ಎ ಪ್ಯಾಸೇಜ್ ಟು ಇಂಡಿಯಾ' ಕಾದಂಬರಿಯಲ್ಲಿ ಮರಬಾರ್ ಗುಹೆಗಳು ಬರುತ್ತವೆ. ಆ ಹೆಸರಿನ ಗುಹೆಗಳು ಎಲ್ಲಿಯೂ ಇಲ್ಲ. ಬಿಹಾರದ ಗಯಾ ಬಳಿಯ ಬರಾಬರ್ ಗುಹೆಗಳನ್ನು ನೋಡಿ ಅವರು ಕಲ್ಪಿಸಿಕೊಂಡದ್ದು. ಡೇವಿಡ್ ಲೀನ್ ಅದನ್ನು ಸಿನಿಮಾ ಮಾಡಲು ಹೊರಟಾಗ ನಿಜವಾದ ಬರಾಬರ್ ಅವರ ಕಣ್ಣಿಗೆ ಚಪ್ಪಟೆಯಾಗಿ, ಸಪ್ಪೆಯಾಗಿ ಕಂಡಿತು. ಹುಡುಕುತ್ತಾ ಬಂದವರಿಗೆ ಸಿಕ್ಕಿದ್ದು ನಮ್ಮ ಸಾವನದುರ್ಗ ಮತ್ತು ರಾಮನಗರದ ರಾಮದೇವರ ಬೆಟ್ಟ. ಇಲ್ಲಿ ಕಥೆಗೆ ಬೇಕಾದಂಥ ಗುಹೆ ಇರಲಿಲ್ಲ. ಚಿತ್ರತಂಡ ಬಂಡೆಯಲ್ಲಿ ಪುಟ್ಟ ಗವಿಬಾಯಿಗಳನ್ನು ಕೊರೆಸಿತು. ಯುಗಯುಗಗಳಿಂದ ಮಳೆ ಬಿಸಿಲಿಗೆ ಜಗ್ಗದೆ ಕೂತಿದ್ದ ಕಲ್ಲು, ಒಬ್ಬ ಮುದುಕ ಟೈಪ್‌ರೈಟರಿನಲ್ಲಿ ಕುಟ್ಟಿದ ಹಾಳೆಯ ಮಾತಿಗೆ ಬಾಯಿ ತೆರೆಯಿತು. ಚಿತ್ರಕಥೆ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಕೊಡುವ ಮೊದಲ ಉದಾಹರಣೆ ಇದು.

ಆ ಚಿತ್ರಕಥೆ ಬರೆಯುವಾಗ ಲೀನ್‌ಗೆ ಎಪ್ಪತ್ತು ದಾಟಿತ್ತು. ಹಿಂದಿನ ಚಿತ್ರ ಬಿಡುಗಡೆಯಾಗಿ ಹತ್ತು ವರ್ಷದ ಮೇಲಾಗಿತ್ತು. ದೆಹಲಿಯಲ್ಲಿ ಕೆಲವು ತಿಂಗಳು, ಜೂರಿಕ್‌ನಲ್ಲಿ ಕೆಲವು ತಿಂಗಳು ಕೂತು, ಇಡೀ ಚಿತ್ರಕಥೆಯನ್ನು ಸ್ವತಃ ಟೈಪ್ ಮಾಡಿದರು. ಟೈಪ್ ಮಾಡುತ್ತಲೇ ತಿದ್ದಿದರು. ಎದುರಿಗೆ ಎರಡು ಪುಸ್ತಕ: ಒಂದು ಮೂಲ ಕಾದಂಬರಿ, ಇನ್ನೊಂದು ಅದನ್ನು ಆಧರಿಸಿ ಶಾಂತಾ ರಾಮರಾವ್ ಬರೆದ ನಾಟಕ. ಶಾಂತಾ ನಮ್ಮ ಕರಾವಳಿಯ ಬೆನಗಲ್ ಮನೆತನದವರು, ಬೆನಗಲ್ ರಾಮರಾವ್ ಅವರ ಮಗಳು. ಅವರ ನಾಟಕ ಇಂಗ್ಲೆಂಡಿನಲ್ಲಿ 1960ರಲ್ಲೇ ರಂಗವೇರಿತ್ತು. ಎರಡನ್ನೂ ಮುಂದಿಟ್ಟುಕೊಂಡು, ಯಾವ ಪ್ರಸಂಗವಿಲ್ಲದಿದ್ದರೆ ಕಥೆ ನಿಲ್ಲುವುದಿಲ್ಲವೋ ಅದನ್ನಷ್ಟೇ ಆರಿಸಿಕೊಳ್ಳುವುದು ಲೀನ್ ಕ್ರಮ. ಚಿತ್ರಕಥೆಯನ್ನು ಬರೆಯುವುದೆಂದರೆ ಮತ್ತೆ ಮತ್ತೆ ಬರೆಯುವುದು ಎಂದೇ ಅವರು ನಂಬಿದ್ದರು.

ಕಾದಂಬರಿಯಲ್ಲಿ ಅಡೆಲಾ ಎಂಬ ಹೆಣ್ಣುಮಗಳ ಒಳಗಿನ ತಳಮಳವನ್ನು ಫಾರ್ಸ್ಟರ್ ಮಾತಿನಲ್ಲೇ ಹೇಳಿಬಿಡಬಲ್ಲರು. ಕ್ಯಾಮೆರಾಕ್ಕೆ ಮನಸ್ಸು ಕಾಣುವುದಿಲ್ಲ, ಮುಖ ಮಾತ್ರ ಕಾಣುತ್ತದೆ. ಲೀನ್ ಕಾದಂಬರಿಯಲ್ಲಿಲ್ಲದ ಒಂದು ದೃಶ್ಯ ಸೇರಿಸಿದರು. ಅಡೆಲಾ ಒಬ್ಬಳೇ ಸೈಕಲ್ ತುಳಿದುಕೊಂಡು ಹೋಗುತ್ತಾಳೆ; ಗಿಡಗಂಟಿ ಬೆಳೆದ ಪಾಳು ಗುಡಿಯೊಂದರಲ್ಲಿ ಮಿಥುನ ಶಿಲ್ಪಗಳನ್ನು ದಿಟ್ಟಿಸಿ ನೋಡುತ್ತಾಳೆ; ಮಂಗಗಳ ಹಿಂಡು ಮೈಮೇಲೆ ಬಂದಂತಾಗಿ ಬೆದರಿ ಓಡಿಬರುತ್ತಾಳೆ. ಒಂದು ಮಾತೂ ಇಲ್ಲ. ಮುಂದೆ ಗುಹೆಯ ಕತ್ತಲಲ್ಲಿ ಅವಳು ಯಾಕೆ ಹಾಗೆ ಕಂಗೆಟ್ಟಳು ಎಂಬುದು ನೋಡುವವನಿಗೆ ತಾನಾಗಿ ಹೊಳೆಯುತ್ತದೆ. ಹೇಳುವುದನ್ನು ಬಿಟ್ಟು ಕಾಣಿಸುವುದು: ಚಿತ್ರಕಥೆಗಾರನ ಅಸಲು ಕೆಲಸ ಇಷ್ಟೇ, ಮತ್ತು ಇದಕ್ಕಿಂತ ಕಷ್ಟದ ಬರವಣಿಗೆ ನನಗೆ ಗೊತ್ತಿಲ್ಲ. 1984ರಲ್ಲಿ ಬಿಡುಗಡೆಯಾದ ಆ ಚಿತ್ರ 11 ಆಸ್ಕರ್ ನಾಮನಿರ್ದೇಶನ ಪಡೆಯಿತು. ಅದೇ ಲೀನ್ ಅವರ ಕೊನೆಯ ಚಿತ್ರವೂ ಆಯಿತು.

ರಾಮದೇವರ ಬೆಟ್ಟದ ಇನ್ನೊಂದು ಕಥೆ ಎಲ್ಲರಿಗೂ ಗೊತ್ತು. 'ಶೋಲೆ'ಯ ಚಿತ್ರೀಕರಣ ಅಲ್ಲಿ ಶುರುವಾದದ್ದು 1973ರ ಅಕ್ಟೋಬರ್ 3ರಂದು; ಚಿತ್ರ ತೆರೆ ಕಂಡದ್ದು 1975ರ ಆಗಸ್ಟ್ 15ರಂದು. ಆ ಬಂಡೆಗಳ ನಡುವೆ ರಾಮಗಢ ಎಂಬ ಊರನ್ನೇ ಕಟ್ಟಿದರು, ಹೆದ್ದಾರಿಯಿಂದ ಅಲ್ಲಿಗೆ ರಸ್ತೆ ಹಾಕಿದರು. ಇಂದಿಗೂ ಬೆಟ್ಟಕ್ಕೆ ಬರುವವರು ಡಕಾಯಿತ ಗಬ್ಬರ್ ಕೂತಿದ್ದ ಬಂಡೆ ಯಾವುದು ಎಂದು ಕೇಳುತ್ತಾರೆ. ಗಬ್ಬರ್ ಮೊದಲು ಕೂತಿದ್ದು ಮುಂಬೈಯಲ್ಲಿ, ಸಲೀಂ ಖಾನ್ ಮತ್ತು ಜಾವೇದ್ ಅಖ್ತರ್ ಬರೆದ ಹಾಳೆಗಳ ಮೇಲೆ ಎಂಬುದು ಯಾರಿಗೂ ನೆನಪಾಗುವುದಿಲ್ಲ.

ಅವರಿಬ್ಬರ ಕೈಯಲ್ಲಿ ಮೊದಲು ಇದ್ದದ್ದು ನಾಲ್ಕು ಸಾಲಿನ ಎಳೆ. ಕುಟುಂಬವನ್ನು ಕಳೆದುಕೊಂಡ ನಿವೃತ್ತ ಸೇನಾಧಿಕಾರಿಯೊಬ್ಬ ಸೇನೆಯಿಂದ ಹೊರದೂಡಲ್ಪಟ್ಟ ಇಬ್ಬರು ಸಿಪಾಯಿಗಳನ್ನು ಕರೆಸಿ ಸೇಡು ತೀರಿಸಿಕೊಳ್ಳುತ್ತಾನೆ, ಅಷ್ಟೇ. ಸೇನೆಯ ದೃಶ್ಯಗಳಿಗೆ ಅನುಮತಿ ಸಿಗುವುದು ಕಷ್ಟ ಎಂದಾಗ ಸೇನಾಧಿಕಾರಿ ಪೊಲೀಸ್ ಅಧಿಕಾರಿಯಾದ, ಸಿಪಾಯಿಗಳು ಪುಂಡರಾದರು. ತಿಂಗಳೊಂದರಲ್ಲಿ ಚಿತ್ರಕಥೆ ಸಿದ್ಧವಾಯಿತು. ಆ ಪುಂಡರಿಗಿಟ್ಟ ಜೈ, ವೀರು ಎಂಬ ಹೆಸರುಗಳು ಸಲೀಂ ಅವರ ಕಾಲೇಜು ಗೆಳೆಯರವು. ಕಥೆಯ ಹಂದರ, ಪಾತ್ರಗಳ ಜಾಯಮಾನ ಹೆಚ್ಚಾಗಿ ಸಲೀಂ ಪಾಲಿಗೆ. ಮಾತು ಜಾವೇದ್ ಪಾಲಿಗೆ. ಜಾವೇದ್ ಉರ್ದು ಲಿಪಿಯಲ್ಲಿ ಬರೆದದ್ದನ್ನು ಸಹಾಯಕರು ದೇವನಾಗರಿಗೆ ಇಳಿಸುತ್ತಿದ್ದರು.

ಹಾಳೆಯ ಮೇಲಿನ ಒಂದು ಸಾಲು ಮೈದಾನದಲ್ಲಿ ಎಷ್ಟು ಬೆಲೆ ಕೇಳುತ್ತದೆ ಎಂಬುದನ್ನೂ ಈ ಚಿತ್ರವೇ ತೋರಿಸಿಕೊಟ್ಟಿತು. ಮುಸ್ಸಂಜೆಯಲ್ಲಿ ವಿಧವೆ ರಾಧಾ ಹಜಾರದ ದೀಪಗಳನ್ನು ಸಣ್ಣದು ಮಾಡುತ್ತಾಳೆ, ದೂರದಲ್ಲಿ ಜೈ ಕೂತಿದ್ದಾನೆ. ಬರೆಯಲು ಎರಡೇ ಸಾಲು. ಸೂರ್ಯ ಮುಳುಗಿದ ಮೇಲೆ ಉಳಿಯುವ ಆ ಕೆಲವೇ ನಿಮಿಷಗಳ ಬೆಳಕಿಗಾಗಿ ಅಂಥ ಎರಡು ಪುಟ್ಟ ದೃಶ್ಯಗಳ ಮೇಲೆ 20 ದಿನ ಹಿಡಿಯಿತು. ಬರೆದ ಕೊನೆ ಉಳಿಯಲೂ ಇಲ್ಲ. ಮೂಲದಲ್ಲಿ ಆ ಪೊಲೀಸ್ ಅಧಿಕಾರಿ ಠಾಕೂರನೇ ಗಬ್ಬರ್‌ನನ್ನು ಕೊಲ್ಲುತ್ತಾನೆ. ಅದು ತುರ್ತುಪರಿಸ್ಥಿತಿಯ ಕಾಲ, ಸೆನ್ಸಾರ್ ಒಪ್ಪಲಿಲ್ಲ. ಪೊಲೀಸರು ಬಂದು ಹಿಡಿದೊಯ್ಯುವ ಕೊನೆಯನ್ನು ಹೊಸದಾಗಿ ಚಿತ್ರೀಕರಿಸಬೇಕಾಯಿತು. ಬರೆದವನಿಗೆ ತನ್ನ ಬರಹದ ಮೇಲೆ ಕೊನೆಯ ಹಕ್ಕು ಇರುವುದಿಲ್ಲ ಎಂಬುದು ಈ ಕಸುಬಿನ ನೋವು. ಹೆಸರಿನ ಮೇಲಿನ ಹಕ್ಕನ್ನು ಮಾತ್ರ ಇವರಿಬ್ಬರೂ ಬಿಟ್ಟುಕೊಡಲಿಲ್ಲ. 1973ರಲ್ಲಿ 'ಜಂಜೀರ್' ಚಿತ್ರದ ಪೋಸ್ಟರುಗಳಲ್ಲಿ ತಮ್ಮ ಹೆಸರಿಲ್ಲದ್ದನ್ನು ಕಂಡು, ಪೇಂಟರನ್ನು ಹಿಡಿದು ಮುಂಬೈಯ ಗೋಡೆಗಳ ಮೇಲಿನ ಪೋಸ್ಟರುಗಳಿಗೆಲ್ಲ ಹೆಸರು ಬರೆಸಿದರು. ಎರಡೇ ವರ್ಷದಲ್ಲಿ 'ಶೋಲೆ'ಯ ಹಾಡಿನ ತಟ್ಟೆಯ ಜೊತೆ ಮಾತಿನ ತಟ್ಟೆಯೂ ಅಂಗಡಿಗೆ ಬಂತು. ಜನ ಸಂಭಾಷಣೆಯನ್ನು ಹಾಡಿನ ಹಾಗೆ ಕೂತು ಕೇಳಿದರು.

ಅದೇ ಜೋಡಿಯ ಕಥೆ ಮರುವರ್ಷ ಕನ್ನಡಕ್ಕೂ ಬಂತು. 1976ರ 'ಪ್ರೇಮದ ಕಾಣಿಕೆ' ಮತ್ತು 'ರಾಜ ನನ್ನ ರಾಜ', ಎರಡೂ ರಾಜ್‌ಕುಮಾರ್ ಚಿತ್ರಗಳು, ಸಲೀಂ–ಜಾವೇದ್ ಕಥೆಗಳು. ರಾಜ್‌ಕುಮಾರ್ ಮಗ ಪುನೀತ್ ಕೈಗೂಸಾಗಿ ಮೊದಲ ಸಲ ಪರದೆಯ ಮೇಲೆ ಕಾಣಿಸಿಕೊಂಡದ್ದು 'ಪ್ರೇಮದ ಕಾಣಿಕೆ'ಯಲ್ಲಿ. ಆ ಕಥೆಗೆ ಕನ್ನಡದ ಮಾತು ಕೊಟ್ಟವರು ಚಿ. ಉದಯಶಂಕರ್.

ಉದಯಶಂಕರ್ ಹೆಸರು ಹೇಳಿದರೆ ನಮಗೆ ಹಾಡು ನೆನಪಾಗುತ್ತದೆ. ಸುಮಾರು 3,000 ಹಾಡು ಬರೆದರೆಂಬ ಲೆಕ್ಕವಿದೆ, ನೆನಪಾಗದೆ ಇರುವುದು ಹೇಗೆ? ಆದರೆ ಆ ಹಾಡಿನ ಬೆಳಕಿನಲ್ಲಿ ಅವರ ಇನ್ನೊಂದು ದುಡಿಮೆ ಮರೆಯಾಯಿತು ಎಂಬ ಬೇಸರ ನನಗಿದೆ. 1934ರ ಫೆಬ್ರವರಿ 18ರಂದು ಹುಟ್ಟಿದವರು, ತಂದೆ ಚಿ. ಸದಾಶಿವಯ್ಯನವರೂ ಚಿತ್ರಸಾಹಿತಿ. 1963ರ 'ಸಂತ ತುಕಾರಾಂ' ಚಿತ್ರದಿಂದ ಶುರುವಾದ ಬರವಣಿಗೆ 1993ರ ಜುಲೈ 2ರಂದು ಅವರು ತೀರಿಕೊಳ್ಳುವವರೆಗೆ ನಡೆಯಿತು. 'ಕಸ್ತೂರಿ ನಿವಾಸ', 'ಗಂಧದ ಗುಡಿ', 'ಜೀವನ ಚೈತ್ರ' ಎಂದು ಎಣಿಸುತ್ತಾ ಹೋದರೆ ಕನ್ನಡದ ಮನೆಮನೆಯ ನೆನಪಿನ ಪಟ್ಟಿಯೇ ಆಗುತ್ತದೆ.

ರಾಜ್‌ಕುಮಾರ್ ಬಳಗದಲ್ಲಿ ಕಥೆ ಆರಿಸುವುದು ಒಂದು ವ್ರತದ ಹಾಗೆ ನಡೆಯುತ್ತಿತ್ತು. ಪತ್ನಿ ಪಾರ್ವತಮ್ಮನವರು ಕಾದಂಬರಿಗಳನ್ನು ಓದುತ್ತಿದ್ದರು, ತಮ್ಮ ವರದರಾಜ್ ಕಥೆಯನ್ನು ಅಳೆದು ತೂಗುತ್ತಿದ್ದರು, ಆಮೇಲೆ ಎಲ್ಲರೂ ಸೇರಿ ಚರ್ಚೆ. ಕಾದಂಬರಿ ಚಿತ್ರವಾಗುವ ಹೊತ್ತಿಗೆ ಅದಕ್ಕೆ ಹೊಸ ಮೂಳೆ ಬೇಕು, ಹೊಸ ಉಸಿರು ಬೇಕು. ಎಚ್.ಜಿ. ರಾಧಾದೇವಿಯವರ ಕಾದಂಬರಿಯಿಂದ ಉದಯಶಂಕರ್ ಬರೆದ 'ಅನುರಾಗ ಅರಳಿತು' 1986ರಲ್ಲಿ ಬಂತು. ದುಡ್ಡಿನ ಗತ್ತಿನ ಹೆಣ್ಣು, ಸ್ವಾಭಿಮಾನದ ಮೆಕ್ಯಾನಿಕ್. ಆ ಕಥೆ ತಮಿಳಿನಲ್ಲಿ 'ಮನ್ನನ್' ಆಯಿತು, ತೆಲುಗಿನಲ್ಲಿ 'ಘರಾನಾ ಮೊಗುಡು' ಆಯಿತು, ಹಿಂದಿಯಲ್ಲಿ 'ಲಾಡ್ಲಾ' ಆಯಿತು. ಹೊರಗಿನ ಕಥೆಗಳನ್ನು ಎರವಲು ತರುತ್ತೇವೆಂದು ಕನ್ನಡ ಚಿತ್ರರಂಗವನ್ನು ಮೂದಲಿಸುವವರು ಈ ಲೆಕ್ಕವನ್ನೂ ಇಟ್ಟುಕೊಳ್ಳಬೇಕು.

ಉದಯಶಂಕರ್ ಮಾತುಗಳನ್ನು ಕಣ್ಣು ಮುಚ್ಚಿ ಕೇಳಿದರೆ ಒಂದು ವಿಷಯ ಹೊಳೆಯುತ್ತದೆ. ಅವು ಒಂದು ಕಂಠಕ್ಕೆಂದೇ ಬರೆದವು. ಗುಬ್ಬಿ ಕಂಪನಿಯ ರಂಗದ ಮೇಲೆ ಪಳಗಿದ ರಾಜ್‌ಕುಮಾರ್ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಯಾವ ಅಕ್ಷರವನ್ನು ಒತ್ತುತ್ತಾರೆ, ಎಲ್ಲಿ ತಗ್ಗುತ್ತಾರೆ ಎಂಬುದು ಬರೆಯುವ ಕೈಗೆ ಗೊತ್ತಿತ್ತು. ಶಿಂಪಿ ಅಳತೆಪಟ್ಟಿ ಹಿಡಿಯದೆ, ನೋಡಿಯೇ ಅಂಗಿ ಹೊಲಿದ ಹಾಗೆ. ಇನ್ನೊಬ್ಬ ನಟ ಅದೇ ಮಾತನ್ನು ಹೇಳಿದರೆ ಭುಜದಲ್ಲಿ ಸಡಿಲ ಬೀಳುತ್ತದೆ.

ಇವತ್ತಿಗೂ ನಮ್ಮಲ್ಲಿ ಚಿತ್ರಕಥೆಯ ದಾರಿ ಹೆಚ್ಚುಕಡಿಮೆ ರಾಜ್‌ಕುಮಾರ್ ಬಳಗದ ಆ ಚರ್ಚೆಯ ಹಾಗೇ ಇದೆ. ಮೊದಲು ಎಳೆ. ಅದು ನಿರ್ಮಾಪಕನಿಗೋ ನಟನಿಗೋ ಹಿಡಿಸಿದರೆ ಡಿಸ್ಕಷನ್. ನಾಲ್ಕೈದು ಜನ ಕೋಣೆಯೊಂದರಲ್ಲಿ ಕೂತು ಕಾಫಿಯ ಮೇಲೆ ಕಾಫಿ ಕುಡಿದು ಸೀನ್ ಆರ್ಡರ್ ಮಾಡುತ್ತಾರೆ. ಇಂಟರ್‌ವಲ್ ಎಲ್ಲಿ ಬೀಳಬೇಕೆಂದು ವಾರಗಟ್ಟಲೆ ಜಗಳವಾಗುತ್ತದೆ. ಆಮೇಲೆ ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ಕಾಣುವುದು, ಬಲಕ್ಕೆ ಕೇಳುವುದು ಎಂದು ಬರೆಯುವುದು ನಮ್ಮ ಹಳೆಯ ರೂಢಿ. ಬರೆದು ಮುಗಿದ ಮೇಲೆ ರೀಡಿಂಗ್: ಬರೆದವನೇ ಎಲ್ಲ ಪಾತ್ರಗಳೂ ಆಗಿ ಓದಿ ತೋರಿಸಬೇಕು. ಚೆನ್ನಾಗಿ ಬರೆದೂ ಚೆನ್ನಾಗಿ ಓದಲಾರದ ಕಾರಣಕ್ಕೆ ಕೈತಪ್ಪಿದ ಕಥೆಗಳು ಎಷ್ಟೋ.

ಧಾರಾವಾಹಿ ಬರೆಯುವವರ ಪಾಡು ಇನ್ನೂ ಕಠಿಣ. ವಾರಕ್ಕೆ ಐದಾರು ಕಂತು. ಕಥೆ ಒಬ್ಬರದು, ಚಿತ್ರಕಥೆ ಇನ್ನೊಬ್ಬರದು, ಸಂಭಾಷಣೆ ಮತ್ತೊಬ್ಬರದು. ಗುರುವಾರ ಟಿಆರ್‌ಪಿ ಬಂದರೆ ಶುಕ್ರವಾರಕ್ಕೆ ಟ್ರ್ಯಾಕ್ ಬದಲಾಗುತ್ತದೆ. ಸಾಯಬೇಕಿದ್ದ ಅತ್ತೆ ಬದುಕುತ್ತಾಳೆ. ಮೇಕಪ್ ಮುಗಿಸಿದ ನಟಿ ಕಾಯುತ್ತಿರುವಾಗ ಫೋನಿನಲ್ಲಿ ಸೀನ್ ಬಂದು ಇಳಿಯುತ್ತದೆ. ಆ ಅವಸರದಲ್ಲೂ ಒಂದೊಂದು ಒಳ್ಳೆಯ ಮಾತು ಹುಟ್ಟುತ್ತದಲ್ಲ, ಅದಕ್ಕೆ ಕೈಮುಗಿಯಬೇಕು.

ಸೋಲೂರಿನ ಬಸ್‌ಸ್ಟಾಪಿನಲ್ಲಿ ಅರ್ಧ ಗಂಟೆ ನಿಂತರೆ ಈ ಕಸುಬಿನ ಇನ್ನೊಂದು ಪಾಠ ಸಿಗುತ್ತದೆ. ಇಲ್ಲಿಯ ಬಾಯಲ್ಲಿ 'ಐತೆ'; ಚನ್ನಪಟ್ಟಣ ದಾಟಿ ಮಂಡ್ಯದ ಕಡೆ ಇಳಿದರೆ 'ಅದೆ'. ನಮ್ಮ ಚಿತ್ರಗಳಲ್ಲಿ ಬಹಳ ಕಾಲ ಎಲ್ಲ ಹಳ್ಳಿಗೂ ಒಂದೇ ಹಳ್ಳಿ ಭಾಷೆ ಇತ್ತು. ಅದು ಯಾವ ಹಳ್ಳಿಯದ್ದೂ ಆಗಿರಲಿಲ್ಲ. 'ತಿಥಿ' ಬಂದಾಗ ನಮಗೆ ಮೈ ಜುಮ್ಮೆಂದದ್ದು ಅದಕ್ಕೇ. ಈರೇಗೌಡ ಮತ್ತು ರಾಮ್ ರೆಡ್ಡಿ ಬರೆದ ಆ ಚಿತ್ರ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಈರೇಗೌಡರಿಗೆ ಚೆನ್ನಾಗಿ ಗೊತ್ತಿದ್ದ ಮಂಡ್ಯದ ನೊದೆಕೊಪ್ಪಲಿನ ಸೀಮೆ, ಅಲ್ಲಿಯ ಜನರೇ ಪಾತ್ರಧಾರಿಗಳು, ಅವರ ಬಾಯಿಯ ಮಾತೇ ಸಂಭಾಷಣೆ. ಬರೆಯುವುದಕ್ಕೆ ಮೊದಲು ಕಿವಿಗೊಟ್ಟು ಕೂತವರ ಚಿತ್ರಕಥೆ ಅದು.

ರಾಮನಗರದ ಜಾನಪದ ಲೋಕಕ್ಕೆ ಹೋದಾಗಲೆಲ್ಲ ನನಗೊಂದು ಆಸೆ ಹುಟ್ಟುತ್ತದೆ. ಎಚ್.ಎಲ್. ನಾಗೇಗೌಡರು ಬೀಸುಕಲ್ಲು, ನೇಗಿಲು, ತೊಗಲುಬೊಂಬೆಗಳನ್ನು ಊರೂರು ಅಲೆದು ತಂದರು. ಹಾಡುವವರು ಕಣ್ಣುಮುಚ್ಚುವ ಮೊದಲು ಹಾಡನ್ನು ಧ್ವನಿಮುದ್ರಿಸಿಕೊಂಡರು. ನಮ್ಮ ಚಿತ್ರಕಥೆಗಳಿಗೆ ಅಂಥ ಪುಣ್ಯ ಬಂದಿಲ್ಲ. ಪುಣೆಯಲ್ಲಿ 1964ರಿಂದ ಇರುವ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಚಿತ್ರಗಳ ಜೊತೆಗೆ ಚಿತ್ರಕಥೆಗಳನ್ನೂ ಕೂಡಿಡುತ್ತದೆ. ಆದರೆ ಕನ್ನಡದ ಬರಹಗಾರರ ಕೈಬರಹದ ಹಾಳೆಗಳು, ತಿದ್ದಿದ ಗೀಟುಗಳು, ಅಂಚಿನಲ್ಲಿ ನಟ ಹಾಕಿಕೊಂಡ ಗುರುತುಗಳು ಇವತ್ತಿಗೂ ಹಳೆಯ ಮನೆಗಳ ಅಟ್ಟದ ಮೇಲೆ, ಟ್ರಂಕುಗಳಲ್ಲಿ ಇವೆ. ಬಂಡೆಯನ್ನು ನೋಡಲು ಬರುವವರಿಗೆ ಆ ಹಾಳೆಯನ್ನೂ ತೋರಿಸುವ ಒಂದು ಕೋಣೆ ಈ ಸೀಮೆಯಲ್ಲೇ ಆಗಲಿ.

ಸಹಾಯಕ ನಿರ್ದೇಶಕರಾಗಿ, ನಟರಾಗಿ, ಪ್ರೊಡಕ್ಷನ್ ಹುಡುಗರಾಗಿ ದುಡಿದವರು ನಿಮ್ಮ ಮನೆಯಲ್ಲಿದ್ದರೆ, ಅವರು ಇಟ್ಟುಕೊಂಡ ಸಂಭಾಷಣೆಯ ಪುಸ್ತಕವೊಂದು ಸಿಕ್ಕರೆ, ದಯವಿಟ್ಟು ಹಳೆ ಪೇಪರಿನವನಿಗೆ ತೂಕಕ್ಕೆ ಹಾಕಬೇಡಿ. ಮೊದಲ ಪುಟದಲ್ಲಿ ಚಿತ್ರದ ಹೆಸರು, ವರ್ಷ, ಬರೆದವರ ಹೆಸರು ಗುರುತು ಹಾಕಿ ಒಣಗಿದ ಜಾಗದಲ್ಲಿ ಎತ್ತಿಡಿ.