ಮುಂದೆ ಯಾರೂ ಇರಲಿಲ್ಲ

ಕಳೆದ ಚಳಿಗಾಲದ ಒಂದು ಭಾನುವಾರ. ಬೆಳಿಗ್ಗೆ ಏಳಕ್ಕೆ ಆಟ ಆರಂಭಿಸಿದ ನಾವು ನಾಲ್ವರು ಹದಿನೆಂಟನೆಯ ಹೋಲ್ ಮುಗಿಸಿದಾಗ ಗಂಟೆ ಹನ್ನೆರಡೂವರೆ. ನಮ್ಮ ಚಿಕ್ಕ ಮೈದಾನದಲ್ಲಿ ನಾಲ್ಕೂಕಾಲು ಗಂಟೆಯೊಳಗೆ ಮುಗಿಯಬೇಕಾದ ಆಟವದು. ಎಂದಿನಂತೆ ಮುಂದಿನ ತಂಡವನ್ನು ಬೈಯಲು ಬಾಯಿ ತೆರೆದೆ. ನನ್ನ ಚೀಲ ಹೊರುವ ಕ್ಯಾಡಿ ಮೆಲ್ಲಗೆ ಹೇಳಿದರು: ‘ಆರನೇ ಹೋಲ್‌ನಿಂದ ನಮ್ಮ ಮುಂದೆ ಯಾರೂ ಇರಲಿಲ್ಲ ಸಾರ್.’

ಹನ್ನೆರಡಕ್ಕೆ ಹೊರಡುವ ಇನ್ನೊಂದು ತಂಡಕ್ಕೆ ಅವರು ಮಾತು ಕೊಟ್ಟಿದ್ದರು. ಆ ತಂಡ ಕಾದು ಸಾಕಾಗಿ ಬೇರೊಬ್ಬರನ್ನು ಕರೆದುಕೊಂಡು ಹೋಗಿತ್ತು. ನಮ್ಮಲ್ಲಿ ಕ್ಯಾಡಿಗೆ ಕೂಲಿ ಸಿಗುವುದು ಸುತ್ತಿಗೆ ಇಷ್ಟೆಂದು, ಗಂಟೆಗೆ ಇಷ್ಟೆಂದಲ್ಲ. ನಮ್ಮ ವಿಲಂಬದ ಬೆಲೆ ತೆತ್ತವರು ಅವರು. ಆ ದಿನದ ನಷ್ಟವನ್ನೇನೋ ತುಂಬಿಕೊಟ್ಟೆ. ಅದಕ್ಕೂ ಮುನ್ನ ಎಷ್ಟು ಭಾನುವಾರಗಳು ಹೀಗೆಯೇ ಹೋಗಿದ್ದವೋ, ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಮನೆಗೆ ಬಂದು ಲೆಕ್ಕ ಹಾಕಿದೆ. ನನ್ನಂಥ ಸಾಧಾರಣ ಆಟಗಾರ ಒಂದು ಸುತ್ತಿಗೆ ತೊಂಬತ್ತು ಹೊಡೆತಗಳನ್ನಾದರೂ ಬಳಸುತ್ತಾನೆ. ನಾಲ್ವರಿಗೆ 360. ಪ್ರತಿ ಹೊಡೆತಕ್ಕೆ ಹತ್ತೇ ಸೆಕೆಂಡು ವ್ಯರ್ಥವಾದರೂ 3,600 ಸೆಕೆಂಡು, ಅಂದರೆ ಪೂರ್ತಿ ಒಂದು ಗಂಟೆ! ಹತ್ತು ಸೆಕೆಂಡು ಯಾರ ಕಣ್ಣಿಗೂ ಬೀಳುವುದಿಲ್ಲ. ತನ್ನ ಸರದಿ ಬಂದ ಮೇಲೆಯೇ ಕೈಗವಸು ಹುಡುಕುವುದು, ಯಾವ ಕ್ಲಬ್ ಎಂದು ಚೀಲದ ಮುಂದೆ ಧ್ಯಾನಕ್ಕೆ ನಿಲ್ಲುವುದು, ಗ್ರೀನ್ ಮೇಲೆಯೇ ನಿಂತು ಅಂಕ ಬರೆದುಕೊಳ್ಳುವುದು. ಸಿಗ್ನಲ್ ದೀಪ ಹಸಿರಾದ ಅರೆಕ್ಷಣಕ್ಕೆ ಹಾರನ್ ಒತ್ತುವ ಬೆಂಗಳೂರಿನವರೇ ನಾವು. ಹುಲ್ಲಿನ ಮೇಲೆ ಕಾಲಿಟ್ಟೊಡನೆ ಕಾಲವೆಲ್ಲ ನಮ್ಮದೇ ಎಂದು ಭಾವಿಸುತ್ತೇವೆ.

ನಿಯಮ ರೂಪಿಸುವ ಆರ್ ಅಂಡ್ ಎ ಮತ್ತು ಅಮೆರಿಕದ ಯುಎಸ್‌ಜಿಎ ಸಂಸ್ಥೆಗಳು 2019ರಲ್ಲಿ ನಿಯಮಪುಸ್ತಕವನ್ನು ಪರಿಷ್ಕರಿಸಿದಾಗ ಈ ಕಾಯಿಲೆಗೆ ಒಂದಿಷ್ಟು ಮದ್ದು ಅರೆದವು. ಕಳೆದುಹೋದ ಚೆಂಡು ಹುಡುಕಲು ಇದ್ದ ಐದು ನಿಮಿಷ ಮೂರಕ್ಕೆ ಇಳಿಯಿತು. ಅಡ್ಡಿಯಿಲ್ಲದೆ ಆಡುವಂತಾದ ಮೇಲೆ ನಲವತ್ತು ಸೆಕೆಂಡಿನೊಳಗೆ ಹೊಡೆಯಬೇಕೆಂಬ ಸಲಹೆ ಬಂತು. ಬಾವುಟದ ಕೋಲನ್ನು ಕುಳಿಯಲ್ಲೇ ಬಿಟ್ಟು ಪಟ್ ಮಾಡಲು ಒಪ್ಪಿಗೆ ದೊರೆಯಿತು. ಹೊಡೆತಗಳನ್ನು ಎಣಿಸುವ ಆಟದಲ್ಲಿ ಕುಳಿಯಿಂದ ದೂರವಿರುವವನೇ ಮೊದಲು ಹೊಡೆಯಬೇಕೆಂದು ಎಲ್ಲರೂ ಕಾಯಬೇಕಿಲ್ಲ, ಅಪಾಯವಿಲ್ಲದಿದ್ದರೆ ಸಿದ್ಧನಾದವನು ಆಡಲಿ ಎಂದು ಪುಸ್ತಕವೇ ಉತ್ತೇಜಿಸುತ್ತದೆ.

ಆದರೂ ನಾವು ಅನುಕರಿಸುವುದು ಪುಸ್ತಕವನ್ನಲ್ಲ, ದೂರದರ್ಶನದ ತಾರೆಗಳನ್ನು. 2019ರ ಆಗಸ್ಟ್‌ನಲ್ಲಿ ಅಮೆರಿಕದ ಬ್ರೈಸನ್ ಡಿಷಾಂಬೊ ಎಂಟು ಅಡಿಯ ಪಟ್ ಒಂದಕ್ಕೆ ಎರಡು ನಿಮಿಷಕ್ಕೂ ಹೆಚ್ಚು ತೆಗೆದುಕೊಂಡು ಟೀಕೆಗೆ ಗುರಿಯಾದರು. ನಮ್ಮ ತಂಡದಲ್ಲೂ ಗ್ರೀನನ್ನು ನಾಲ್ಕು ದಿಕ್ಕಿನಿಂದ ಪರೀಕ್ಷಿಸುವ ಮಹನೀಯರೊಬ್ಬರಿದ್ದಾರೆ. ಪ್ರದಕ್ಷಿಣೆ ಮುಗಿದ ಮೇಲೂ ಚೆಂಡು ಕುಳಿಗೆ ಬೀಳುವುದಿಲ್ಲ ಎಂಬುದು ಬೇರೆ ಮಾತು.

ನಮ್ಮ ಕ್ಲಬ್ಬಿನ ಸಭೆಯಲ್ಲಿ ವಿಷಯ ಪ್ರಸ್ತಾಪವಾದಾಗ ಕೆಲವರು ದಂಡ ವಿಧಿಸಿ ಎಂದರು. 2018ರಲ್ಲಿ ಆಸ್ಟ್ರಿಯಾದ ವೃತ್ತಿಪರ ಪಂದ್ಯಾವಳಿಯೊಂದರಲ್ಲಿ ಪ್ರತಿ ಹೊಡೆತಕ್ಕೂ ಗಡಿಯಾರ ಹಿಡಿದು, ಮೀರಿದವರಿಗೆ ಒಂದು ಹೊಡೆತದ ದಂಡ ಹಾಕಿದ್ದನ್ನು ಉದಾಹರಿಸಿದರು. ನಾನು ಒಪ್ಪಲಿಲ್ಲ. ಅಲ್ಲಿ ಆಡಿದವರದು ವೃತ್ತಿ. ಇಲ್ಲಿ ಕೈಗಡಿಯಾರ ನೋಡುತ್ತಾ ಹಿಂದೆ ನಿಂತರೆ ಮೊದಲು ಬೆದರುವವರು ಹೊಸಬರು. ಅವರು ಮತ್ತೆ ಬರುವುದೇ ಇಲ್ಲ. ಗ್ರೀನ್ ಪ್ರದಕ್ಷಿಣೆಯ ಮಹನೀಯರಿಗೆ ದಂಡ ತಾಗುವುದಿಲ್ಲ, ಅವರು ಸಮಿತಿಯ ಸದಸ್ಯರು.

ನಮ್ಮ ತಂಡದ ಹಿರಿಯರೊಬ್ಬರಿಗೆ ಎಪ್ಪತ್ತೆರಡು ವರ್ಷ, ಒಂದು ಮಂಡಿಗೆ ಶಸ್ತ್ರಚಿಕಿತ್ಸೆಯಾಗಿದೆ. ತಡವೆಂದರೆ ಎಲ್ಲರೂ ಅವರತ್ತ ನೋಡುತ್ತಿದ್ದೆವು. ಮುಂದಿನ ವಾರ ಗಮನವಿಟ್ಟು ನೋಡಿದೆ. ಅವರು ನಿಧಾನವಾಗಿ ನಡೆಯುತ್ತಾರೆ, ಆದರೆ ಚೆಂಡಿನ ಬಳಿ ತಲಪುವಾಗಲೇ ಕ್ಲಬ್ ಕೈಯಲ್ಲಿರುತ್ತದೆ. ಒಂದು ಸಲ ಕಣ್ಣೆತ್ತಿ ನೋಡಿ ಹೊಡೆದುಬಿಡುತ್ತಾರೆ. ತಡ ನನ್ನದು. ಮರಗಳ ನಡುವೆ ಚೆಂಡು ಹೋದಾಗಲೆಲ್ಲ ‘ಇಲ್ಲೇ ಇರಬೇಕು’ ಎಂದು ಪೊದೆ ಕೆದಕಿ, ಸಿಗದಿದ್ದಾಗ ಟೀಗೆ ಮರಳಿ ನಡೆಯುತ್ತಿದ್ದವನು ನಾನೇ. ಅನುಮಾನ ಬಂದ ಕೂಡಲೇ, ಟೀ ಬಿಡುವ ಮುನ್ನವೇ, ಹೇಳಿ ಇನ್ನೊಂದು ತಾತ್ಕಾಲಿಕ ಚೆಂಡು ಹೊಡೆದಿಟ್ಟಿದ್ದರೆ ಈ ಹಿಂದಿರುಗುವ ಯಾತ್ರೆಯೇ ಇರುತ್ತಿರಲಿಲ್ಲ. ಮೊದಲನೆಯದು ಹೋಯಿತೆಂದು ಒಪ್ಪಿಕೊಂಡಂತಾಗುತ್ತದೆ ಎಂಬ ಬಿಗುಮಾನ ಅಡ್ಡ ಬರುತ್ತಿತ್ತು.

ಕೊನೆಗೆ ದಂಡವಿಲ್ಲದ ಒಂದು ಪುಟದ ಕೋರಿಕೆ ಸಿದ್ಧವಾಯಿತು. ಚೀಲವನ್ನು ಗ್ರೀನ್‌ನ ಮುಂದೆ ಬಿಡದೆ ಮುಂದಿನ ಟೀ ಇರುವ ಬದಿಯಲ್ಲಿಡಿ. ಅಂಕ ಅಲ್ಲಿಗೆ ಹೋಗಿ ಬರೆಯಿರಿ. ಸ್ನೇಹದ ಆಟದಲ್ಲಿ ಅಂಕ ಕೈತಪ್ಪಿದ ಮೇಲೆ ಚೆಂಡು ಎತ್ತಿಕೊಳ್ಳಿ. ಮುಂದೆ ಒಂದು ಹೋಲ್ ಖಾಲಿಯಿದ್ದು ಹಿಂದೆ ಜನ ನಿಂತಿದ್ದರೆ ಕೈಬೀಸಿ ದಾರಿ ಬಿಡಿ. ಈ ಕಡೆಯದಕ್ಕೇ ಹೆಚ್ಚು ಪ್ರತಿರೋಧ ಬಂದದ್ದು. ದಾರಿ ಬಿಡುವುದು ಸೋಲೆಂದು ಭಾವಿಸುವವರು ಇನ್ನೂ ಇದ್ದಾರೆ.

ಮೊನ್ನೆ ಭಾನುವಾರ ಹನ್ನೊಂದೂಕಾಲಿಗೆ ಮುಗಿಸಿದೆವು. ನಾನು ಒಂದು ಚೆಂಡು ಕಳೆದುಕೊಂಡೆ, ಮೂರು ನಿಮಿಷ ಹುಡುಕಿ ಬಿಟ್ಟೆ. ಕ್ಯಾಡಿ ನನ್ನ ಕ್ಲಬ್ಬುಗಳನ್ನು ಒರೆಸಿ ಚೀಲಕ್ಕೆ ಇಳಿಸಿದರು. ‘ಹನ್ನೆರಡರವರು ಕಾಯುತ್ತಿರಬೇಕಲ್ಲ?’ ಎಂದೆ. ‘ಇನ್ನೂ ಬಂದಿಲ್ಲ ಸಾರ್, ತಿಂಡಿ ತಿಂದು ಬರ್ತೀನಿ’ ಎಂದು ಕ್ಯಾಂಟೀನಿನತ್ತ ನಡೆದರು.