ಕತ್ತಲಲ್ಲಿ ಕಾಣದ ಕಬ್ಬಿನ ಟ್ರೇಲರ್

ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಮುಧೋಳ, ಜಮಖಂಡಿ, ಗೋಕಾಕ, ಅಥಣಿ ಕಡೆಯ ರಸ್ತೆಗಳ ಚಹರೆಯೇ ಬದಲಾಗುತ್ತದೆ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ಹಗಲು ರಾತ್ರಿ ಎನ್ನದೆ ಕಾರ್ಖಾನೆಯತ್ತ ಸಾಲುಗಟ್ಟುತ್ತವೆ. ಮುಂದೆ ಬಣ್ಣದ ಲೈಟು, ಕಿವಿ ಕಿತ್ತುಹೋಗುವಂಥ ಹಾಡು. ಹಿಂದೆ ಬರೀ ಕತ್ತಲು. ಆ ಕತ್ತಲಿಗೆ ಬೈಕ್ ಗುದ್ದಿ ಸತ್ತವರ ಸುದ್ದಿ ಹಂಗಾಮು ಬಂದಾಗಲೆಲ್ಲ ಪತ್ರಿಕೆಯ ಒಳಪುಟಗಳಲ್ಲಿ ಇರುತ್ತದೆ. ಕಾಲೇಜು, ಕೋಚಿಂಗ್, ಪಾಳಿ ಕೆಲಸ ಮುಗಿಸಿ ಊರಿಗೆ ಮರಳುತ್ತಿದ್ದ ನಮ್ಮ ವಯಸ್ಸಿನವರೂ ಅದರಲ್ಲಿರುತ್ತಾರೆ.

‘ನೋಡಿಕೊಂಡು ಓಡಿಸಬೇಕಿತ್ತು’ ಎನ್ನುವವರು ಸಣ್ಣದೊಂದು ಲೆಕ್ಕ ಹಾಕಲಿ. ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಬೈಕ್ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಮುಂದೇನೋ ಇದೆ ಎಂದು ಹೊಳೆದು ಬ್ರೇಕ್ ಹಿಡಿಯಲು ಒಂದೂವರೆ ಸೆಕೆಂಡ್ ಬೇಕೆಂದರೂ 25 ಮೀಟರ್ ಕಳೆದಿರುತ್ತದೆ. ಬ್ರೇಕ್ ಹಿಡಿದ ಮೇಲೆ ನಿಲ್ಲಲು ಇನ್ನೂ 20 ಮೀಟರ್ ಬೇಕು. ಎದುರಿನ ಲಾರಿಯ ಹೆಡ್‌ಲೈಟ್ ಕಣ್ಣಿಗೆ ಹೊಡೆಯುತ್ತಿರುವಾಗ ಒಣ ರವದಿಯ ಬಣ್ಣದ ರಾಶಿಯೊಂದು 45 ಮೀಟರ್ ದೂರದಿಂದ ಕಾಣುವುದಾದರೂ ಹೇಗೆ?

ಹಂಗಾಮಿನ ಆರಂಭದಲ್ಲಿ ಪೊಲೀಸರು, ಕಾರ್ಖಾನೆಯವರು ಟ್ರೇಲರ್‌ಗಳಿಗೆ ರಿಫ್ಲೆಕ್ಟರ್ ಅಂಟಿಸುತ್ತಾರೆ, ಫೋಟೊ ಕೂಡ ಬರುತ್ತದೆ. ಒಳ್ಳೆಯದೇ. ಆದರೆ ಖಾಲಿ ಟ್ರೇಲರ್‌ಗೆ ಅಂಟಿಸಿದ್ದು ತುಂಬಿದ ಟ್ರೇಲರ್‌ನಲ್ಲಿ ಕಾಣುವುದಿಲ್ಲ. ಕಬ್ಬಿನ ತುದಿಗಳು ಹಿಂದಕ್ಕೆ ಚಾಚಿ, ಜೋತು ಬಿದ್ದು ಅದನ್ನು ಮುಚ್ಚಿಬಿಡುತ್ತವೆ. ಉಳಿದಿದ್ದನ್ನು ಕೆಸರು, ದೂಳು ಮುಚ್ಚುತ್ತದೆ. ಹಾಗಾಗಿ ರಿಫ್ಲೆಕ್ಟರ್ ಪಟ್ಟಿ ಅಂಟಿಸಿದ ಒಂದು ಹಲಗೆಯನ್ನು ಲೋಡ್ ಆದ ಮೇಲೆ ಕಬ್ಬಿನ ಹೊರೆಗೇ ಹಗ್ಗದಲ್ಲಿ ಕಟ್ಟಬೇಕು. ಟ್ರ್ಯಾಕ್ಟರ್‌ನಿಂದ ವೈರ್ ಎಳೆದು ಎರಡನೇ ಟ್ರೇಲರ್‌ನ ಕೊನೆಗೂ ಕೆಂಪು ದೀಪ ಉರಿಸಬೇಕು. ಸ್ಪೀಕರ್‌ಗೆ ವೈರ್ ಎಳೆಯುವ ಹುಡುಗರಿಗೆ ಇದೇನು ಕಷ್ಟವೇ?

ಹಾಗೆಂದು ಚಾಲಕನನ್ನೇ ಖಳನಾಯಕ ಮಾಡುವುದು ಸರಿಯಲ್ಲ. ಅವನೂ ನಮ್ಮವನೇ. ಡಿಗ್ರಿ ಮುಗಿಸಿ ಕೆಲಸ ಸಿಗದೆ ಹಂಗಾಮಿಗೆ ಸ್ಟೀರಿಂಗ್ ಹಿಡಿದವರು ಎಷ್ಟೋ ಜನ. ಸಾಗಣೆಯ ಬಾಡಿಗೆ ಟನ್ ಲೆಕ್ಕದ್ದು. ಹೆಚ್ಚು ಹೇರಿದಷ್ಟೂ ದುಡ್ಡು. ಕಾರ್ಖಾನೆಯ ಯಾರ್ಡ್‌ನಲ್ಲಿ ಸರದಿ ಕಾಯುತ್ತಾ ರಾತ್ರಿಗಳೇ ಕಳೆದುಹೋಗುತ್ತವೆ. ನಿದ್ದೆಗೆಟ್ಟವನ ಕೈಗೆ ಮಿತಿಮೀರಿದ ಹೊರೆ ಕೊಟ್ಟರೆ ಮೊದಲು ಅಪಾಯಕ್ಕೆ ಸಿಲುಕುವವನು ಅವನೇ. ಹಿಂದಿನ ಭಾರಕ್ಕೆ ಟ್ರ್ಯಾಕ್ಟರ್‌ನ ಮುಂದಿನ ಚಕ್ರ ಮೇಲೆದ್ದರೆ ಸ್ಟೀರಿಂಗ್ ತಿರುಗಿಸಿ ಪ್ರಯೋಜನವಿಲ್ಲ. ಕೆಲವರು ಅದನ್ನೇ ಸಾಹಸವೆಂದು ರೀಲ್ಸ್ ಮಾಡುತ್ತಾರೆ!

ಹೊಲದಲ್ಲಿ ಗಕ್ಕನೆ ತಿರುಗಿಸಲೆಂದು ಟ್ರ್ಯಾಕ್ಟರ್‌ಗೆ ಎಡ, ಬಲ ಚಕ್ರಕ್ಕೆ ಬೇರೆ ಬೇರೆ ಬ್ರೇಕ್ ಪೆಡಲ್ ಇರುತ್ತವೆ. ರಸ್ತೆಗೆ ಬಂದಾಗ ಎರಡನ್ನೂ ಕೊಂಡಿ ಹಾಕಿ ಜೋಡಿಸಬೇಕು. ಇಲ್ಲದಿದ್ದರೆ ಒಂದೇ ಕಡೆ ಬ್ರೇಕ್ ಬಿದ್ದು ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಬ್ರೇಕ್ ಇಲ್ಲದ ಟ್ರೇಲರ್ ಹಿಂದಿನಿಂದ ತಳ್ಳುವುದರಿಂದ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವುದಂತೂ ಬೇಡವೇ ಬೇಡ. ಡೀಸೆಲ್ ಉಳಿಸುವ ಆಸೆಗೆ ಹೀಗೆ ಮಾಡುವವರಿದ್ದಾರೆ.

ಎಲ್ಲಕ್ಕಿಂತ ಭಯದ ವಿಷಯ ಕೆಟ್ಟು ನಿಂತ ಟ್ರೇಲರ್. ಅಪಾಯವಾಗುವಂತೆ ವಾಹನವನ್ನಾಗಲಿ ಟ್ರೇಲರ್‌ ಅನ್ನಾಗಲಿ ರಸ್ತೆಯಲ್ಲಿ ನಿಲ್ಲಿಸಬಾರದು ಎಂದು 1988ರ ಮೋಟಾರು ವಾಹನ ಕಾಯ್ದೆಯ 122ನೇ ಕಲಂ ಹೇಳುತ್ತದೆ. ಆದರೆ ಟೈರ್ ಒಡೆದರೆ, ಕಟ್ಟ್ ಮುರಿದರೆ ಅಲ್ಲೇ ನಿಲ್ಲಿಸಿ, ಸುತ್ತ ನಾಲ್ಕು ಕಲ್ಲಿಟ್ಟು ಮೆಕ್ಯಾನಿಕ್ ಹುಡುಕಿ ಹೋಗುವುದು ರೂಢಿ. ಒಬ್ಬರು ಅಲ್ಲೇ ಉಳಿದು, ಐವತ್ತು ಹೆಜ್ಜೆ ಹಿಂದೆ ನಿಂತು ಮೊಬೈಲ್ ಟಾರ್ಚ್ ಆಡಿಸಿದರೂ ಬರುವವರಿಗೆ ಗೊತ್ತಾಗುತ್ತದೆ. ರಿಪೇರಿಯಾಗಿ ಗಾಡಿ ಹೊರಡುವಾಗ ಆ ಕಲ್ಲುಗಳನ್ನೂ ಪಕ್ಕಕ್ಕೆ ಸರಿಸಬೇಕು. ಎಷ್ಟೋ ಸಲ ಟ್ರ್ಯಾಕ್ಟರ್ ಕಾರ್ಖಾನೆ ಮುಟ್ಟಿರುತ್ತದೆ, ಕಲ್ಲು ಮಾತ್ರ ನಡುರಸ್ತೆಯಲ್ಲಿ ಮುಂದಿನ ಬೈಕಿಗೆ ಕಾಯುತ್ತಿರುತ್ತವೆ.