ಬಾಯ್ಲರಿಗೊಬ್ಬ ಬದಲಿ ಮನುಷ್ಯ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬ ಬಾಯ್ಲರಿನ ವಿಷಯ ಬರೆಯಹೊರಟರೆ ಸಂಪಾದಕ ಮಂಡಲಿಯವರು ಹುಬ್ಬೇರಿಸುವುದು ಸಹಜವೇ. ಕವಿತೆಯನ್ನೋ ಪ್ರವಾಸಕಥನವನ್ನೋ ಕೊಡಬಾರದೇ ಎಂದು ಮಿತ್ರರೂ ಕೇಳಿದರು. ಆದರೆ ನನಗೆ ಹುಟ್ಟಿದಂದಿನಿಂದ ಪರಿಚಯವಿರುವ ವಿಷಯ ಇದೊಂದೇ. ನಮ್ಮ ತಂದೆಯವರು ಬಾಯ್ಲರ್ ಅಟೆಂಡೆಂಟರು; ಅದರಲ್ಲಿಯೂ ಬದಲಿ ಅಟೆಂಡೆಂಟರು. ಗಂಗಾವತಿ, ಕಾರಟಗಿ, ಸಿಂಧನೂರುಗಳ ಸುತ್ತಿನ ಅಕ್ಕಿ ಮಿಲ್ಲುಗಳಲ್ಲಿ ಕಾಯಂ ಅಟೆಂಡೆಂಟರು ರಜೆ ಹೋದಾಗ, ಕಾಯಿಲೆ ಬಿದ್ದಾಗ, ಕೆಲಸ ಬಿಟ್ಟಾಗ ತಂದೆಯವರಿಗೆ ಕರೆ ಬರುವುದು. ಹದಿನೈದು ದಿನ ಒಂದು ಕಡೆ, ತಿಂಗಳು ಇನ್ನೊಂದು ಕಡೆ. ಇಂತಹ ತಾತ್ಕಾಲಿಕ ಮನುಷ್ಯನನ್ನು ಹೇಗೆ ನೇಮಿಸಿಕೊಳ್ಳಬೇಕೆಂಬುದನ್ನು ಕುರಿತು ನಾಲ್ಕು ಮಾತು ಬರೆಯುತ್ತೇನೆ.

ಮೊದಲು ಬಾಯ್ಲರ್ ಎಂದರೇನು ಎಂದು ತಿಳಿಯೋಣ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಬೆಳೆದ ಭತ್ತದಲ್ಲಿ ಒಂದು ಭಾಗವನ್ನು ನೆನೆಸಿ, ಉಗಿಯಲ್ಲಿ ಬೇಯಿಸಿ, ಒಣಗಿಸಿ, ಆಮೇಲೆ ಅಕ್ಕಿ ಮಾಡುವರು. ಆ ಉಗಿ ಬರುವುದು ಬಾಯ್ಲರಿನಿಂದ. ಉರುವಲು ಮಿಲ್ಲಿನಲ್ಲಿಯೇ ಸಿಗುವ ಭತ್ತದ ಹೊಟ್ಟು. ಭತ್ತದ ತೂಕದ ಐದನೆಯ ಒಂದು ಪಾಲು ಹೊಟ್ಟೇ ಆಗಿರುವುದರಿಂದ ಅದಕ್ಕೆ ಬರವಿಲ್ಲ. ನೋಡುವವರಿಗೆ ಬಾಯ್ಲರು ದೊಡ್ಡದೊಂದು ಹಂಡೆಯಂತೆ ಕಾಣುವುದು. ಹಂಡೆಗೂ ಇದಕ್ಕೂ ಇರುವ ವ್ಯತ್ಯಾಸ ಮುಚ್ಚಳದಲ್ಲಿದೆ. ಬಾಯಿ ತೆರೆದ ಹಂಡೆಯ ನೀರು 100 ಡಿಗ್ರಿಗೆ ಕುದಿದು ಆವಿಯಾಗಿ ಹೋಗುತ್ತದೆ. ಮುಚ್ಚಿದ ಬಾಯ್ಲರಿನಲ್ಲಿ ಚದರ ಸೆಂಟಿಮೀಟರಿಗೆ 10 ಕಿಲೋಗ್ರಾಂ ಒತ್ತಡವಿದ್ದರೆ ನೀರು ಸುಮಾರು 184 ಡಿಗ್ರಿಯವರೆಗೆ ಕಾದರೂ ನೀರಾಗಿಯೇ ಇರುತ್ತದೆ. ಎಲ್ಲಿಯಾದರೂ ತಗಡು ಬಿರಿದು ಒತ್ತಡ ತಟ್ಟನೆ ಇಳಿಯಿತೆನ್ನಿ. ಆಗ ಆ ನೀರಿನ ಆರನೆಯ ಒಂದು ಪಾಲಿನಷ್ಟು ಕ್ಷಣಾರ್ಧದಲ್ಲಿ ಉಗಿಯಾಗುವುದು. ಒಂದು ಲೀಟರು ನೀರು ಉಗಿಯಾದರೆ ಹೊರಗಿನ ಗಾಳಿಯಲ್ಲಿ 1,600 ಲೀಟರಿಗೂ ಮೀರಿದ ಜಾಗ ಬೇಕು. ಸಾವಿರ ಲೀಟರು ನೀರಿರುವ ಬಾಯ್ಲರು ಒಡೆದರೆ ಗೋಡೆ ಹಾರುವುದೇಕೆಂಬುದು ಈ ಲೆಕ್ಕದಿಂದಲೇ ತಿಳಿಯುವುದು.

ಈ ಪಾಠವನ್ನು ಲೋಕ ಪ್ರಾಣ ತೆತ್ತು ಕಲಿತಿದೆ. ಕಲ್ಕತ್ತೆಯಲ್ಲಿ 1863ರಲ್ಲಿ ದೊಡ್ಡದೊಂದು ಬಾಯ್ಲರ್ ಸ್ಫೋಟವಾಯಿತು. ಮರುವರ್ಷವೇ ಬಂಗಾಳದಲ್ಲಿ ಬಾಯ್ಲರುಗಳ ತಪಾಸಣೆಗೆ ಕಾನೂನು ಬಂತು. ಅಮೆರಿಕದ ಮ್ಯಾಸಚುಸೆಟ್ಸ್ ಪ್ರಾಂತದ ಬ್ರಾಕ್ಟನ್ ಎಂಬ ಊರಿನಲ್ಲಿ 1905ರ ಮಾರ್ಚ್ 20ರಂದು ಬೂಟು ಕಾರ್ಖಾನೆಯೊಂದರ ಬಾಯ್ಲರು ಸಿಡಿದು 58 ಜನ ಸತ್ತರು. ನಮ್ಮ ದೇಶಕ್ಕೆಲ್ಲ ಒಂದೇ ಕಾನೂನು ಬೇಕೆಂದು ಭಾರತೀಯ ಬಾಯ್ಲರ್ ಕಾಯಿದೆಯಾದದ್ದು 1923ರಲ್ಲಿ. ನೂರು ವರ್ಷ ನಡೆದ ಆ ಕಾಯಿದೆಯ ಸ್ಥಾನದಲ್ಲಿ 2025ರಲ್ಲಿ ಸಂಸತ್ತು ಹೊಸ ಬಾಯ್ಲರ್ ಕಾಯಿದೆಯನ್ನು ತಂದಿದೆ. ಬಾಯ್ಲರಿಗೆ ಸರ್ಟಿಫಿಕೇಟು ಇರಬೇಕು, ಅದನ್ನು ನಡೆಸುವವನಿಗೂ ಸರ್ಟಿಫಿಕೇಟು ಇರಬೇಕು ಎಂಬ ಎರಡು ಮಾತೇ ಇಷ್ಟು ವರ್ಷಗಳ ಕಾನೂನಿನ ತಿರುಳು. ಅಟೆಂಡೆಂಟರಲ್ಲಿ ಮೊದಲನೆಯ ದರ್ಜೆ, ಎರಡನೆಯ ದರ್ಜೆ ಎಂದು ಎರಡು ಬಗೆ. ಕಾಯುವ ಮೈ 1,000 ಚದರ ಮೀಟರನ್ನು ಮೀರಿದ ದೊಡ್ಡ ಬಾಯ್ಲರುಗಳಿಗೆ ಬಾಯ್ಲರ್ ಆಪರೇಷನ್ ಎಂಜಿನಿಯರರೇ ಬೇಕು.

ಹಾಗಾದರೆ ಬದಲಿಯವನ ಅಗತ್ಯವೇಕೆ ಬೀಳುವುದು? ಬಾಯ್ಲರು ರಜೆ ಕೇಳುವುದಿಲ್ಲ, ಮನುಷ್ಯ ಕೇಳುತ್ತಾನೆ. ಮಗಳ ಮದುವೆ, ತಾಯಿಯ ಕಾಯಿಲೆ, ಊರ ಜಾತ್ರೆ, ಎಲ್ಲವೂ ಸುಗ್ಗಿಯಲ್ಲಿಯೇ ಬರುವುವು. ಮಿಲ್ಲಿನಲ್ಲಿ ಭತ್ತ ನೆನೆದು ಕುಳಿತಿರುತ್ತದೆ; ತಡವಾದರೆ ಹುಳಿವಾಸನೆ ಹಿಡಿಯುವುದು. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿಗಳು ಸಾಲುಗಟ್ಟಿರುತ್ತವೆ. ದೊಡ್ಡ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವುದಕ್ಕೂ ಉಗಿ ಬೇಕು. ಇಂತಹ ವೇಳೆಯಲ್ಲಿ ಯಜಮಾನನ ಮುಂದೆ ಮೂರು ದಾರಿಗಳುಂಟು. ಬೆಂಕಿ ಆರಿಸಿ ಕೂಡುವುದು ಒಂದು. ಹೊಟ್ಟು ಹಾಕುವ ಹುಡುಗನನ್ನೇ ನಿಲ್ಲಿಸಿ ದೇವರ ಮೇಲೆ ಭಾರ ಹಾಕುವುದು ಇನ್ನೊಂದು. ಸರ್ಟಿಫಿಕೇಟುಳ್ಳ ಬದಲಿಯವನನ್ನು ಕರೆಸುವುದು ಮೂರನೆಯದು. ಮೂರನೆಯದೇ ಸರಿಯೆಂದು ಎಲ್ಲರೂ ಒಪ್ಪುವರು. ಆದರೆ ಕರೆಸುವ ರೀತಿಯಲ್ಲಿಯೇ ತಪ್ಪುವರು.

ಒಂದು ಪ್ರಸಂಗ ಹೇಳುತ್ತೇನೆ. ಒಮ್ಮೆ ತಂದೆಯವರು ಒಂದು ಮಿಲ್ಲಿಗೆ ಬೆಳಗಿನ ಜಾವ ಬದಲಿಗೆ ಹೋದರು. ಕಾಯಂ ಅಟೆಂಡೆಂಟರು ಹಿಂದಿನ ದಿನವೇ ಊರಿಗೆ ಹೋಗಿದ್ದರು. ರಾತ್ರಿಯೆಲ್ಲ ಹುಡುಗನೊಬ್ಬನೇ ಉರಿ ಹಾಕಿದ್ದ. ಬಾಯ್ಲರಿನಲ್ಲಿ ನೀರೆಷ್ಟಿದೆಯೆಂದು ತೋರಿಸಲು ಎರಡು ಗೇಜ್ ಗ್ಲಾಸುಗಳಿರುತ್ತವೆ. ಒಂದರ ಕಾಕು ಮುಚ್ಚಿತ್ತು. ಇನ್ನೊಂದರಲ್ಲಿ ಅರ್ಧ ಗ್ಲಾಸು ನೀರು ಚೆನ್ನಾಗಿಯೇ ಕಾಣುತ್ತಿತ್ತು. ಹುಡುಗನಿಗೆ ಅದೇ ಧೈರ್ಯ. ತಂದೆಯವರಿಗೆ ಅದೇ ಸಂಶಯ. ಉಗಿ ಏಳುತ್ತಿರುವ ಬಾಯ್ಲರಿನ ಗ್ಲಾಸಿನಲ್ಲಿ ನೀರು ಸ್ವಲ್ಪವಾದರೂ ಅಲುಗಾಡಬೇಕು. ಇದು ಚಿತ್ರ ಬರೆದಂತೆ ನಿಂತಿತ್ತು. ಅವರು ಉಗಿಯ ಕಾಕನ್ನು ಮುಚ್ಚಿ ಕೆಳಗಿನ ಡ್ರೇನು ತೆರೆದರು. ಗ್ಲಾಸಿನಲ್ಲಿದ್ದಷ್ಟು ನೀರು ಇಳಿದುಹೋಯಿತು. ಬಾಯ್ಲರಿನಿಂದ ಹನಿಯೂ ಬರಲಿಲ್ಲ. ನೀರಿನ ದಾರಿ ಕೆಸರು ಕಟ್ಟಿ ಮುಚ್ಚಿತ್ತು. ಮುಚ್ಚಿದ್ದ ಎರಡನೆಯ ಗ್ಲಾಸನ್ನು ತೆರೆದು ನೋಡಿದರೆ ಅದರಲ್ಲಿ ನೀರೇ ಕಾಣಲಿಲ್ಲ.

ಆ ಗಳಿಗೆಯಲ್ಲಿ ಹೊಸಬರು ಮಾಡುವ ತಪ್ಪೆಂದರೆ ಗಾಬರಿಯಿಂದ ನೀರು ಬಿಡುವುದು. ನೀರಿಲ್ಲದೆ ಕೆಂಪಗೆ ಕಾದ ತಗಡಿನ ಮೇಲೆ ತಣ್ಣೀರು ಬಿದ್ದರೆ ತಗಡು ಬಿರಿಯಬಹುದು. ಬಿದ್ದ ನೀರು ಒಮ್ಮೆಲೇ ಉಗಿಯಾಗಿ ಒತ್ತಡವೂ ಏರಬಹುದು. ತಂದೆಯವರು ಪಂಪನ್ನು ಮುಟ್ಟಲಿಲ್ಲ. ಹೊಟ್ಟು ನಿಲ್ಲಿಸಿದರು, ಫ್ಯಾನು ನಿಲ್ಲಿಸಿದರು, ಎಲ್ಲರನ್ನೂ ಹೊರಗೆ ಕಳಿಸಿದರು. ಅಷ್ಟರಲ್ಲಿ ಸಾವುಕಾರರು ಬಂದು, “ಏನ್ರೀ, ಭತ್ತ ನೆನದು ಕುಂತೈತಿ, ನೀವು ಬಂದು ಉರಿ ಆರಿಸ್ತೀರಲ್ಲ!” ಎಂದು ಕೂಗಾಡಿದರಂತೆ. “ಭತ್ತ ಹೋದ್ರ ಮತ್ತ ಬರ್ತೈತ್ರಿ ಸಾವ್ಕಾರ್ರ, ಈ ಹುಡುಗ ಬರಂಗಿಲ್ರಿ” ಎಂದರಂತೆ ನಮ್ಮ ತಂದೆ. ಆ ದಿನದ ಭತ್ತ ಕೆಟ್ಟದ್ದು ನಿಜ. ಬಾಯ್ಲರನ್ನು ತಿಳಿದವರು ಬಂದು ಪರೀಕ್ಷಿಸುವ ತನಕ ಉರಿ ಹಾಕಲಿಲ್ಲ. ತಂದೆಯವರನ್ನು ಆ ಮಿಲ್ಲಿಗೆ ಮತ್ತೆ ಕರೆಯಲಿಲ್ಲ.

ಇಲ್ಲಿ ಸಾವುಕಾರರ ತಪ್ಪೇನು? ಅವರು ಸರ್ಟಿಫಿಕೇಟುಳ್ಳವರನ್ನೇ ಕರೆಸಿದ್ದರು. ಆದರೆ ಹಳಬನು ಹೋದ ಮೇಲೆ ಕರೆಸಿದರು. ತಂದೆಯವರು ಹೇಳುವ ನಿಯಮಗಳನ್ನು ಇಲ್ಲಿ ಕ್ರಮವಾಗಿ ಕೊಡುತ್ತೇನೆ. ಬದಲಿಯವನ ಮೂಲ ಸರ್ಟಿಫಿಕೇಟನ್ನು ಕಣ್ಣಾರೆ ನೋಡಿ, ಅದರ ದರ್ಜೆ ತಮ್ಮ ಬಾಯ್ಲರಿನ ಅಳತೆಗೆ ಸಾಲುವುದೇ ಎಂದು ತಿಳಿಯಬೇಕು. ಬಾಯ್ಲರಿನ ಸರ್ಟಿಫಿಕೇಟನ್ನು ಅವನಿಗೂ ತೋರಿಸಬೇಕು. ಎಷ್ಟು ಒತ್ತಡಕ್ಕೆ ಅನುಮತಿಯಿದೆ, ಅವಧಿ ಎಂದಿಗೆ ಮುಗಿಯುವುದು ಎಂದು ಕೇಳುವ ಹಕ್ಕು ಅವನಿಗುಂಟು. ಹಳಬನೊಡನೆ ಒಂದು ಪಾಳಿಯಾದರೂ ಅವನನ್ನು ನಿಲ್ಲಿಸಬೇಕು, ಆ ದಿನದ ಕೂಲಿಯನ್ನೂ ಕೊಡಬೇಕು. ಪ್ರತಿಯೊಂದು ಬಾಯ್ಲರಿಗೂ ಅದರದೇ ಸ್ವಭಾವವಿರುತ್ತದೆ. ಯಾವ ವಾಲ್ವು ಬಿಗಿ, ಯಾವ ಪಂಪು ಸೋಮಾರಿ ಎಂಬುದು ಯಾವ ಪುಸ್ತಕದಲ್ಲಿಯೂ ಇರುವುದಿಲ್ಲ. ಮೂರು ಪಾಳಿಗೆ ಒಬ್ಬನನ್ನೇ ತಂದು ಇಪ್ಪತ್ತನಾಲ್ಕು ಗಂಟೆ ನಿಲ್ಲಿಸಬಾರದು. ನಿದ್ರೆಗಣ್ಣಿಗೆ ಗೇಜು ಕಾಣುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು, ಅಪಾಯ ಕಂಡರೆ ಯಾರನ್ನೂ ಕೇಳದೆ ಉರಿ ಆರಿಸುವ ಅಧಿಕಾರ ನಿನಗಿದೆ ಎಂದು ನೇಮಕದ ಚೀಟಿಯಲ್ಲಿ ಬರೆದುಕೊಡಬೇಕು. ಕಾಯಂ ನೌಕರನು ಯಜಮಾನನಿಗೆ ಎದುರು ಹೇಳಬಲ್ಲನು. ನಾಳೆ ಕರೆಯುವರೋ ಇಲ್ಲವೋ ಎಂಬ ಬದಲಿಯವನಿಗೆ ಆ ಧೈರ್ಯವನ್ನು ಕಾಗದದ ಮೇಲೆ ಕೊಡಬೇಕಾಗುತ್ತದೆ.

ಕಾಗದವೆಂದಾಗ ಇನ್ನೊಂದು ಮಾತು ಹೇಳದೆ ಮುಗಿಸಲಾರೆ. ನಾನು ಈ ಕಾಲೇಜಿಗೆ ಸೇರಿದ ವರ್ಷ ಒಬ್ಬರು ನಮ್ಮ ಮನೆಗೆ ಬಂದರು. ತಂದೆಯವರು ಅವರ ಮಿಲ್ಲಿಗೆ ಬರಬೇಕಾಗಿರಲಿಲ್ಲ. ಸರ್ಟಿಫಿಕೇಟನ್ನು ಮಾತ್ರ ಕೊಟ್ಟರೆ ಗೋಡೆಗೆ ತೂಗುಹಾಕಿ ತಿಂಗಳು ತಿಂಗಳು ಹಣ ಕಳಿಸುವರು. ಬಾಯ್ಲರಿನ ಮುಂದೆ ನಿಲ್ಲಲು ಅವರ ಹುಡುಗನಿದ್ದನು. ತಂದೆಯವರು ಬಂದವರಿಗೆ ಚಹ ಕೊಡಿಸಿ, “ಹಾಳಿ ನೀರಿನ ಮಟ್ಟ ನೋಡತೈತೇನ್ರೀ?” ಎಂದು ಕೇಳಿ ಕಳಿಸಿಬಿಟ್ಟರು. ಆ ಹಣ ಬಂದಿದ್ದರೆ ನಾನು ಊರಲ್ಲಿಯೇ ರೂಮು ಮಾಡಿಕೊಂಡು ಓದಬಹುದಾಗಿತ್ತು. ಈಗ ದಿನವೂ ಎರಡು ಬಸ್ಸು ಬದಲಿಸಿ ಬರುತ್ತೇನೆ; ಮೊದಲನೆಯ ಗಂಟೆಯ ಪಾಠ ಎಷ್ಟೋ ಸಲ ತಪ್ಪಿಹೋಗಿದೆ. ಅಂದು ನಾನು ಎರಡು ದಿನ ತಂದೆಯವರೊಡನೆ ಮಾತಾಡಲಿಲ್ಲ. ಅವರು ಏನೂ ಹೇಳಲಿಲ್ಲ. ಮುಂದಿನ ಬದಲಿಗೆ ಹೋಗುವಾಗ ನನ್ನನ್ನೂ ಕರೆದೊಯ್ದು, ಒಂದು ಇಡೀ ರಾತ್ರಿ ಬಾಯ್ಲರಿನ ಮುಂದೆ ಸ್ಟೂಲಿನ ಮೇಲೆ ಕೂಡಿಸಿದರು. ಬೆಳಗಾಗುವಷ್ಟರಲ್ಲಿ ಅವರು ಎಷ್ಟು ಸಲ ಎದ್ದು ಗ್ಲಾಸು ನೋಡಿದರೋ ಲೆಕ್ಕವಿಡಲು ಹೋಗಿ ನಾನು ಸೋತೆ. ಒಲೆಯ ಆ ಕಡೆ, ಹೊಟ್ಟಿನ ರಾಶಿಯ ಮೇಲೆ ನನ್ನ ವಯಸ್ಸಿನ ಹುಡುಗನೊಬ್ಬ ನಿಶ್ಚಿಂತೆಯಿಂದ ಮಲಗಿದ್ದನು.

ನಮ್ಮ ಕಾಲೇಜಿನಿಂದ ಹೊರಟವರಲ್ಲಿ ಯಾರೂ ಬಾಯ್ಲರ್ ನಡೆಸಲಿಕ್ಕಿಲ್ಲ. ಆದರೆ ಕೆಲವರು ಮಿಲ್ಲಿನಲ್ಲಿ ಗುಮಾಸ್ತರಾಗುವರು, ಕೆಲವರು ಸಂಘದ ಕಾರ್ಯದರ್ಶಿಗಳಾಗುವರು, ಕೆಲವರು ವಕೀಲರಾಗುವರು. ಬದಲಿ ಆಳಿನ ಚೀಟಿ ಎಂದಾದರೊಂದು ದಿನ ಅವರ ಮೇಜಿಗೆ ಸಹಿಗಾಗಿ ಬರಬಹುದು. ಆಗ ಹೆಸರಿನ ಮುಂದೆ ಸರ್ಟಿಫಿಕೇಟಿನ ನಂಬರು ಇದೆಯೇ ಎಂದು ನೋಡಿದರೆ ಸಾಲದು. ಎದ್ದು ಬಾಯ್ಲರಿನ ಮನೆಗೆ ಹೋಗಿ, ಆ ಹೆಸರಿನ ಮನುಷ್ಯನು ಅಲ್ಲಿ ನಿಂತಿರುವನೇ ಎಂದು ನೋಡಿಬಂದು ಸಹಿ ಮಾಡಬೇಕೆಂದು ಇಷ್ಟೇ ನನ್ನ ಬಿನ್ನಹ.